ಟಾವೆಲ್ ಹಾಕಿದ ಸೀಟು

ನಮ್ಮ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ಒಂದು ಕಾನೂನು ಇತ್ತು. ಯಾವ ಪುಸ್ತಕದಲ್ಲೂ ಬರೆದದ್ದಲ್ಲ, ಯಾವ ಟಿ.ಸಿ.ಯೂ ಹೇಳಿಕೊಟ್ಟದ್ದಲ್ಲ. ಗಾಡಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಟಾವೆಲ್ ಎಸೆದರೆ ಆ ಸೀಟು ನಿಮ್ಮದು. ಮುಂದೆ ಯಾವುದೋ ಸ್ಟೇಷನ್ನಿನಲ್ಲಿ ಹತ್ತುವವರಿಗಾಗಿ ಹಾಕಿದ್ದರೂ ಸರಿ, ಆ ಸ್ಟೇಷನ್ ದಾಟುವ ತನಕ ಅಲ್ಲಿ ಯಾರೂ ಕೂಡುವಂತಿಲ್ಲ. ದಾಟಿತೋ, ಟಾವೆಲ್ಲಿಗೆ ಮೂರು ಕಾಸಿನ ಬೆಲೆಯಿಲ್ಲ. ನಿಂತವರಲ್ಲಿ ಯಾರು ಬೇಕಾದರೂ ಕೂತುಬಿಡಬಹುದು. ಈ ಕಾನೂನು ಮುರಿದವನ ಹಲ್ಲು ಉದುರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉದುರಿಸಿದವನೂ ಉದುರಿಸಿಕೊಂಡವನೂ ಮರುದಿನ ಎದುರುಬದುರು ಕೂತು ಇಸ್ಪೀಟು ಆಡುತ್ತಿದ್ದರು.

ನಾನು ಮಸಗುಪ್ಪಿಯವಳು. ಮೂಡಲಗಿಯಲ್ಲಿ ಹೊಲಿಗೆ ಕಲಿತು ಬೆಳಗಾವಿಯ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಘಟಪ್ರಭಾದಲ್ಲಿ ಗಾಡಿ ಹತ್ತುವುದು, ಸಂಜೆ ಅಲ್ಲೇ ಇಳಿಯುವುದು. ನಾನು ಯಾವಾಗಲೂ ಟಾವೆಲ್ ಹಾಕುತ್ತಿದ್ದದ್ದು ಎಡಗಡೆಯ ಕಿಟಕಿಗೆ. ಏಕೆಂದರೆ ಗೋಕಾಕ ರೋಡ್ ದಾಟಿದ ಮೇಲೆ ಬರುವ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಳ ಇರುವುದು ಆ ಬದಿಗೆ. ಹುಕ್ಕೇರಿ ತಾಲ್ಲೂಕಿನ ಆ ಊರಿಗೇ ನನ್ನ ಅಕ್ಕನನ್ನು ಕೊಟ್ಟಿತ್ತು. ಊರಲ್ಲಿ ಬರುವುದು ಸವುಳು ನೀರು. ಸ್ಟೇಷನ್ನಿನ ನಳದ್ದು ಸಿಹಿ ನೀರು. ಹೀಗಾಗಿ ಹೆಂಗಸರೆಲ್ಲ ಬೆಳಿಗ್ಗೆ ಅಲ್ಲಿಗೆ ಕೊಡ ಹಿಡಿದು ಬರುತ್ತಿದ್ದರು. ಗಾಡಿ ನಿಂತಷ್ಟು ಹೊತ್ತು ಅಕ್ಕ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಅಷ್ಟರಲ್ಲಿ ನಾನು ಅವಳ ಮುಖ ನೋಡಿ ಲೆಕ್ಕ ಹಾಕುತ್ತಿದ್ದೆ: ಇವತ್ತು ತುಟಿ ಒಡೆದಿದೆಯೋ, ಕಣ್ಣು ಬಾತಿದೆಯೋ, ಇಲ್ಲಾ ಸೆರಗಿನಡಿಯ ಯಾವ ಜಾಗವೋ ಎಂದು.

ಅಕ್ಕನ ಗಂಡ ಯಾಕೆ ಹೊಡೆಯುತ್ತಿದ್ದ ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾರಣ ಸಿಕ್ಕರೆ ಹೊಡೆತ ಸರಿಯಾಗುತ್ತದೆಯೇ? ರೊಟ್ಟಿ ದಪ್ಪಾಯಿತು, ಕದ ತೆಗೆಯಲು ತಡವಾಯಿತು, ನಕ್ಕಳು, ನಗಲಿಲ್ಲ. ಕುಡಿದೂ ಹೊಡೆಯುತ್ತಿದ್ದ, ಕುಡಿಯದೆಯೂ ಹೊಡೆಯುತ್ತಿದ್ದ. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಬಳಿದುಕೊಂಡು ಲಿಂಗಪೂಜೆ ಮಾಡಿಯೇ ಮನೆಯಿಂದ ಹೊರಗೆ ಕಾಲಿಡುವ ಮನುಷ್ಯ. ಹುಕ್ಕೇರಿ ರಸ್ತೆಯಲ್ಲಿ ಮಂದಿ ಸಾಗಿಸುವ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದ. ಆ ರಸ್ತೆಯ ಟ್ರ್ಯಾಕ್ಸಿನವರು, ಟಂಟಂ ಆಟೋದವರು, ಬಸ್ ಸ್ಟ್ಯಾಂಡಿನ ಚಹಾದವರು ಎಲ್ಲ ಅವನ ದೋಸ್ತಿಗಳೇ. ಅಕ್ಕ ಊರ ಹೊರಗಿನ ಡಾಂಬರಿಗೆ ಕಾಲಿಟ್ಟರೆ ಸಾಕು, ಅವನಿಗೆ ಫೋನು ಹೋಗುತ್ತಿತ್ತು.

ಒಮ್ಮೆ ಹೇಗೋ ಮಾಡಿ ಮಸಗುಪ್ಪಿಗೆ ಬಂದಿದ್ದಳು. ಎರಡು ಟ್ರ್ಯಾಕ್ಸ್ ತುಂಬ ಮಂದಿ ಕರೆದುಕೊಂಡು ಅವನೂ ಬಂದ. ನಮ್ಮ ಅಂಗಳದಲ್ಲೇ ಅವಳ ಜುಟ್ಟು ಹಿಡಿದು ಟ್ರ್ಯಾಕ್ಸಿಗೆ ತುಂಬಿದ. ಅಪ್ಪ ಕೈ ಮುಗಿದು ನಿಂತಿದ್ದರು. ನೆರೆಯವರೆಲ್ಲ ಕಟ್ಟೆಯ ಮೇಲೆ ಕೂತು ನೋಡಿದರು. ‘ಗಂಡ ಹೆಂಡ್ತಿ ನಡುವ ಯಾರ ಬೀಳಬೇಕ್ರಿ’ ಎಂದು ಒಬ್ಬ ಹಿರಿಯ ಎಲೆ ಅಡಿಕೆ ಉಗುಳಿದ. ಆ ದಿನದಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ರಸ್ತೆ ಅವನದು. ಹಳಿ ಅವನದಲ್ಲ. ಅಕ್ಕ ಹೊರಗೆ ಬರುವುದಾದರೆ ಗಾಡಿಯಲ್ಲೇ ಬರಬೇಕು, ಬಂದರೆ ಮಸಗುಪ್ಪಿಗಲ್ಲ, ಬೆಳಗಾವಿಗೆ. ನಮ್ಮ ಅಂಗಡಿಯ ಮಾಲಕರಮ್ಮ ಮಾಳಿಗೆಯ ಮೇಲಿನ ಕೋಣೆ ಕೊಡುತ್ತೇನೆ ಎಂದಿದ್ದರು. ಆ ವಿಳಾಸ ಅವನಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಕಿಟಕಿಯಲ್ಲಿ ಹೇಳಿದ್ದೆ. ‘ಕೊಡ ಅಲ್ಲೇ ಬಿಟ್ಟ ಹತ್ತಿಬಿಡ’ ಎಂದರೆ, ‘ನಾಳಿ ನೋಡೂಣ ತಂಗಿ’ ಎನ್ನುತ್ತಿದ್ದಳು. ಹೊಡೆತ ತಿಂದವರಿಗೆ ನಾಳೆ ಎಂಬುದು ಬಹಳ ರುಚಿ.

ಅವಳ ನಾಳೆ ಬರುವಷ್ಟರಲ್ಲಿ ರೋಗ ಬಂತು, ಲಾಕ್‌ಡೌನ್ ಬಂತು, ಗಾಡಿ ನಿಂತಿತು.

ಎಲ್ಲರ ಗಾಡಿಯೂ ನಿಂತಿತ್ತು, ಅದಕ್ಕೆ ಯಾರನ್ನೂ ಬೈಯಲಾರೆ. ಆಮೇಲೆ ಎಲ್ಲ ಒಂದೊಂದಾಗಿ ಶುರುವಾದವು. ನಮ್ಮ ಪ್ಯಾಸೆಂಜರ್ ಮಾತ್ರ ಬರಲಿಲ್ಲ. ಬಂದದ್ದು ಎಕ್ಸ್‌ಪ್ರೆಸ್ಸುಗಳು; ಅವು ಸಣ್ಣ ಸ್ಟೇಷನ್ನುಗಳನ್ನು ಕಂಡೂ ಕಾಣದಂತೆ ಹೊಡೆದುಕೊಂಡು ಹೋಗುತ್ತಿದ್ದವು. ಊರವರು ಟ್ರ್ಯಾಕ್ಸಿಗೆ ಬಿದ್ದರು. ಬಾಗಿಲಿಗೆ ಜೋತುಬಿದ್ದು, ಮೇಲೆ ಕೂತು, ಅವನು ಕೇಳಿದಷ್ಟು ಕೊಟ್ಟು ಹೋಗುವುದಾಯಿತು. ಅವನ ಕೊರಳಿಗೆ ಚೈನು ಬಂತು, ಮನೆಯಲ್ಲಿ ಕೈ ಇನ್ನಷ್ಟು ಜೋರಾಯಿತು. ಅಕ್ಕನ ಫೋನನ್ನು ಒರಳಿಗೆ ಹಾಕಿ ಕುಟ್ಟಿದನಂತೆ.

ನಾನು ಎಕ್ಸ್‌ಪ್ರೆಸ್ಸಿನಲ್ಲಿ ಹೋಗತೊಡಗಿದೆ. ಆ ಸ್ಟೇಷನ್ ಬರುವ ಹೊತ್ತಿಗೆ ಎಡಗಡೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನಳ, ಕೊಡಗಳು, ಹೆಂಗಸರು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಬೀಳುತ್ತಿದ್ದರು. ಒಂದು ದಿನ ಅಕ್ಕ ಕಂಡಳು. ಒಂದು ಕೈ ಬಿಳಿ ಪಟ್ಟಿಯಲ್ಲಿ ಕೊರಳಿಗೆ ಜೋತಿತ್ತು. ಇನ್ನೊಂದು ಕೈಯಲ್ಲೇ ಕೊಡ ಎತ್ತುತ್ತಿದ್ದಳು. ಅಷ್ಟೇ, ಹೋಯಿತು. ಯಾವ ಕೈ ಎಂದು ಕೂಡ ಸರಿಯಾಗಿ ನೋಡಲಾಗಲಿಲ್ಲ. ಬೆಳಗಾವಿ ಬರುವ ತನಕ ಬಾಗಿಲ ತಗಡಿಗೆ ಮುಷ್ಟಿಯಿಂದ ಗುದ್ದಿದೆ. ಕತ್ತರಿ ಹಿಡಿಯಲಾಗದಷ್ಟು ಕೈ ಬಾತಿತ್ತು. ‘ಬಾಗಲದಾಗ ಬೆರಳ ಸಿಕ್ತ್ರಿ’ ಎಂದು ಅಂಗಡಿಯಲ್ಲಿ ಸುಳ್ಳು ಹೇಳಿದೆ.

ಆ ಊರಿನವರೂ ಸುತ್ತಲಿನವರೂ ಸೇರಿ ಪ್ಯಾಸೆಂಜರ್ ಮತ್ತೆ ಬಿಡಿ, ಇಲ್ಲಿ ನಿಲ್ಲಿಸಿ ಎಂದು ಪ್ಲಾಟ್‌ಫಾರ್ಮಿನ ಮೇಲೆ ಧರಣಿ ಕೂತರು. ನಾನೂ ಅಪ್ಪನೂ ಹೋದೆವು. ನಮಗೆ ರೈಲ್ವೆಯ ಮೇಲೆ ಏನೂ ಸಿಟ್ಟಿರಲಿಲ್ಲ, ನಮಗೆ ಬೇಕಾದದ್ದು ನಮ್ಮ ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಸಿನವರು ಬಂದರು. ರೈಲು ಇಲ್ಲಿ ನಿಲ್ಲತೊಡಗಿದರೆ ತಮ್ಮ ಹೊಟ್ಟೆಗೆ ಕಲ್ಲು ಎಂಬ ಮಾತು ಆಡುತ್ತ ಬಂದವರು ಮಾತಿಗೆ ನಿಲ್ಲಲಿಲ್ಲ. ಒಬ್ಬನ ಕೈಯಲ್ಲಿ ಜಾಕಿನ ರಾಡು, ಒಬ್ಬನ ಕೈಯಲ್ಲಿ ಸೈಕಲ್ ಚೈನು. ಪೆಂಡಾಲಿನ ಕೋಲು ಮುರಿದರು, ಮುದುಕರನ್ನು ತುಳಿದರು. ಅಕ್ಕನ ಗಂಡ ನೇರ ಅಪ್ಪನ ಹತ್ತಿರ ಬಂದ.

‘ಮಗಳನ್ನ ಒಯ್ಯಾಕ ರೈಲ ತರಸಾಕತ್ತಿಯೇನ ಮುದುಕಾ?’ ಎಂದ.

ಮಾವನನ್ನು ಮುದುಕಾ ಎಂದ. ಆಮೇಲೆ ರಾಡು ಎತ್ತಿ ತಲೆಗೆ ಹೊಡೆದ. ಅಪ್ಪನ ರುಮಾಲು ದೂರ ಹಾರಿ ಬಿತ್ತು, ವಿಭೂತಿಯ ಮೇಲೆ ರಕ್ತ ಇಳಿಯಿತು. ನನಗೆ ಅದಾದ ಮೇಲಿನದು ತುಂಡು ತುಂಡಾಗಿ ನೆನಪಿದೆ. ಹಳಿಯ ಮೇಲಿನ ಜಲ್ಲಿಕಲ್ಲು ಎರಡೂ ಕೈಯಲ್ಲಿ ಎತ್ತಿ ಅವನ ಮೇಲೆ ಒಗೆದೆ. ಹೆಗಲಿಗೆ ತಾಗಿತು. ಬಗ್ಗಿದವನ ಕೈ ಬಾಯಿಗೆ ಸಿಕ್ಕಿತು, ಕಚ್ಚಿ ಹಿಡಿದೆ. ಅವನು ಇನ್ನೊಂದು ಕೈಯಿಂದ ನನ್ನ ಕಿವಿಗೆ ಹೊಡೆಯುತ್ತಲೇ ಇದ್ದ, ನಾನು ಬಿಡಲಿಲ್ಲ. ಅಕ್ಕ ದಿನಾ ತಿನ್ನುವುದು ಇದೇ ಹೊಡೆತ ಎಂದು ಗೊತ್ತಾದದ್ದು ಆಗ. ಪೊಲೀಸರು ಬಂದು ಬಿಡಿಸಿದಾಗ ನನ್ನ ಬಾಯಲ್ಲಿ ಉಪ್ಪುಪ್ಪು ರುಚಿ ಇತ್ತು. ಅದು ನನ್ನ ರಕ್ತವೋ ಅವನದೋ ತಿಳಿಯಲಿಲ್ಲ. ಅವನದೇ ಇರಲಿ ಎಂದು ಆಸೆಪಟ್ಟೆ.

ಅಪ್ಪನ ತಲೆಗೆ ಗೋಕಾಕದಲ್ಲಿ ಹೊಲಿಗೆ ಹಾಕಿಸಿದೆವು. ಹೊಲಿಗೆ ನೋಡಿ ನಾನು, ‘ನಾನಾದ್ರ ಇದಕಿಂತ ಚಲೋ ಹೊಲೀತಿದ್ನಿ ಅಪ್ಪಾ’ ಎಂದೆ. ಅಪ್ಪ ನಗಲು ಹೋಗಿ ನೋವಿಗೆ ಮುಖ ಕಿವುಚಿದರು. ‘ರೈಲ ಬರಲಿ, ಮೊದಲ ಆಕಿನ್ನ ಕರ್ಕೊಂಡ ಹೋಗ. ನಾ ಬದುಕಿದ್ರೂ ಸರಿ, ಇಲ್ಲಾಂದ್ರೂ ಸರಿ’ ಎಂದರು. ಅಂಗಳದಲ್ಲಿ ಕೈ ಮುಗಿದು ನಿಂತ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಕೊನೆಗೂ ಪ್ಯಾಸೆಂಜರ್ ಬಿಟ್ಟರು, ಆ ಸ್ಟೇಷನ್ನಿನಲ್ಲಿ ನಿಲ್ಲುವುದೆಂದೂ ಆಯಿತು. ಮೊದಲ ದಿನ ನಾನು ಘಟಪ್ರಭಾದಲ್ಲಿ ಒಂದಲ್ಲ, ಎರಡು ಟಾವೆಲ್ ಎಸೆದೆ. ನನಗೊಂದು, ಅಕ್ಕನಿಗೊಂದು. ಅಕ್ಕನಿಗೆ ಹಾಕಿದ್ದು ಅವಳ ಮದುವೆಯಲ್ಲಿ ಅವನ ಮನೆಯವರು ಅಪ್ಪನಿಗೆ ಉಡುಗೊರೆಯಾಗಿ ಆಯೇರಿ ಮಾಡಿದ್ದ ಟಾವೆಲ್, ಬಿಳಿಯ ಮೇಲೆ ಅಗಲ ಕೆಂಪು ಅಂಚಿನದು. ಅಪ್ಪ ಅದನ್ನು ಒಮ್ಮೆಯೂ ಹೆಗಲಿಗೆ ಹಾಕಿರಲಿಲ್ಲ. ಸೀಟು ಹಿಡಿಯಲಾದರೂ ಉಪಯೋಗಕ್ಕೆ ಬರಲಿ ಎಂದು ನಾನೇ ತಂದಿದ್ದೆ.

ಗೋಕಾಕ ರೋಡಿನಲ್ಲಿ ಹಳೆಯ ಮಂದಿ ಎಲ್ಲ ಹತ್ತಿದರು. ಕಾಯಿಪಲ್ಲೆ ಮಾರುವ ದಪ್ಪ ಹೆಂಗಸೊಬ್ಬಳು, ಎಲ್ಲರೂ ಕಾಕು ಎನ್ನುತ್ತಿದ್ದರು, ಬುಟ್ಟಿ ಇಳಿಸಿ ಕೆಂಪಂಚಿನ ಟಾವೆಲ್ ನೋಡಿ ಹುಬ್ಬು ಗಂಟಿಕ್ಕಿದಳು. ಆಕೆಗೆ ಮೊಣಕಾಲು ನೋವು. ‘ಯಾರದ ಇದ?’ ‘ನಮ್ಮಕ್ಕಂದ್ರಿ.’ ‘ಆಕಿ ಎಲ್ಲಿ ಹತ್ತತಾಳ?’ ಹೇಳಿದೆ. ‘ಹತ್ತೂತನಕ ನಿಂದರ್ತೇನಿ ತಗೋ’ ಎಂದು ಕಾಕು ಸರಳು ಹಿಡಿದು ನಿಂತಳು. ಪಕ್ಕದ ಸೀಟಿನಲ್ಲಿ ಇಸ್ಪೀಟಿನ ಗುಂಪು. ಅವರಲ್ಲಿ ದಪ್ಪ ಮೀಸೆಯ ಒಬ್ಬ ಎಲ್ಲರಿಗೂ ಪೇಡೆ ಹಂಚಿದ. ರೈಲಿನ ಡಬ್ಬಿಯೇ ಮದುವೆಮನೆಯಾಗಿತ್ತು.

ಅಕ್ಕನ ಊರಿನ ಸ್ಟೇಷನ್ನಿನಲ್ಲಿ ಹಾರ, ಕಾಯಿ, ಹಲಗೆ. ಎಂಜಿನ್ನಿಗೆ ಪೂಜೆ ಮಾಡಲು ಜನ ಮುಗಿಬಿದ್ದಿದ್ದರು. ಮೂಲೆಯಲ್ಲಿ ಟ್ರ್ಯಾಕ್ಸಿನವರು ಕೈ ಕಟ್ಟಿ ನಿಂತಿದ್ದರು, ಅವನೂ ಇದ್ದ. ನಾನು ಅವನನ್ನು ಕಂಡೆ, ಅಕ್ಕ ಕಂಡಿರಲಿಲ್ಲ. ಗಾಡಿ ನಿಂತದ್ದೇ ಕಂಡವಳು ನೀರು ಚೆಲ್ಲುತ್ತ ಕೊಡದ ಸಮೇತ ಓಡಿ ಬಂದಳು. ‘ಬಂತಲ್ಲ ತಂಗಿ, ಬಂತಲ್ಲ!’ ಎಂದು ಹುಡುಗಿಯ ಹಾಗೆ ಕೂಗಿದಳು. ನನ್ನ ಬುದ್ಧಿ ಎಲ್ಲಿ ಹೋಗಿತ್ತೋ, ‘ಹತ್ತ, ಹತ್ತ’ ಎಂದು ಚೀರಿದೆ. ಅವಳು ಪಾವಟಿಗೆಯ ಮೇಲೆ ಒಂದು ಕಾಲಿಟ್ಟಳು. ಹಿಂದಿನಿಂದ ಅವನ ಕೈ ಬಂದು ಜುಟ್ಟು ಹಿಡಿಯಿತು.

ಪ್ಲಾಟ್‌ಫಾರ್ಮಿನ ಮೇಲೆ ಕೆಡವಿ ಹೊಡೆದ. ಅದೇ ಕೊಡ ಎತ್ತಿ ಬೆನ್ನಿಗೆ ಹೊಡೆದ. ಕೊಡ ನಗ್ಗಿತು. ಆಮೇಲೆ ಕಾಲಿನಿಂದ. ಹಲಗೆ ಬಾರಿಸುವವರು ನಿಲ್ಲಿಸಿ ನೋಡಿದರು. ಗಾಡಿಯ ಉದ್ದಕ್ಕೂ ಪ್ರತಿ ಕಿಟಕಿಯಲ್ಲೂ ಮುಖಗಳು. ನಾನು ಬಾಗಿಲಿಗೆ ಓಡಿದರೆ ಇಸ್ಪೀಟಿನ ಗುಂಪಿನವರು ಅಡ್ಡ ನಿಂತು ಹಿಡಿದರು. ‘ಸುಮ್ನ ಕೂಡ್ರವಾ, ಗಾಡಿ ಬಿಡ್ತೈತಿ’ ಎಂದ ಮೀಸೆಯವನು. ‘ಗಂಡ ಹೆಂಡ್ತಿ ಜಗಳ, ನಮಗ್ಯಾಕ?’ ನಾನು ಅವನ ಮುಖ ಪರಚಿದೆ. ಅವನು ಸಿಟ್ಟಾಗಲಿಲ್ಲ. ಬುದ್ಧಿ ಕೆಟ್ಟವರನ್ನು ಹಿಡಿಯುವ ಹಾಗೆ ನನ್ನ ರಟ್ಟೆ ಹಿಡಿದುಕೊಂಡೇ ಇದ್ದ. ಗಾಡಿ ಹೊರಟಿತು. ಅಕ್ಕ ಎರಡೂ ಕೈ ತಲೆಯ ಮೇಲಿಟ್ಟು ಮುದುಡಿದ್ದು ಕಡೆಯದಾಗಿ ಕಂಡಿತು.

ಸ್ವಲ್ಪ ದೂರ ಹೋದ ಮೇಲೆ ಕಾಕು ಮೆಲ್ಲಗೆ, ‘ಸ್ಟೇಷನ್ ದಾಟ್ತ ನೋಡ. ಟಾವೆಲ್ ತಗಿ, ನನ್ನ ಮೊಣಕಾಲ ಹೊಂಟಾವ’ ಎಂದಳು.

ಕಾನೂನಿನ ಪ್ರಕಾರ ಅವಳದೇ ಸರಿ. ನಾನು ಅವಳ ಎದೆಗೆ ಕೈಯಿಟ್ಟು ದೂಡಿದೆ. ಅವಳೂ ಸುಮ್ಮನೆ ಬಿಡುವವಳಲ್ಲ, ನನ್ನ ಹೆರಳು ಹಿಡಿದಳು. ಮೆಂತೆಯ ಕಟ್ಟುಗಳೆಲ್ಲ ಕಾಲಡಿ ಸಿಕ್ಕವು. ಬೆಳಗಾವಿ ಬರುವ ತನಕ ಟಾವೆಲ್ಲಿನ ಆಚೆ ಅವಳು, ಈಚೆ ನಾನು ಏದುತ್ತ ನಿಂತೇ ಇದ್ದೆವು. ಸೀಟು ಖಾಲಿ ಹೋಯಿತು. ಇಳಿಯುವಾಗ ಕಾಕು ಬುಟ್ಟಿ ತಲೆಗೆತ್ತಿಕೊಂಡು, ‘ಆಕಿ ಉಳದಾಳೋ ಇಲ್ಲೋ, ಪಾಪ’ ಎಂದಳು. ಅದಕ್ಕೂ ನಾನು ಅವಳಿಗೆ ಬೈದೆ.

ಉಳಿದಿದ್ದಳು. ಆದರೆ ನಳದ ಹತ್ತಿರ ಬಹಳ ದಿನ ಕಾಣಲಿಲ್ಲ. ನಾನು ದಿನಾ ಟಾವೆಲ್ ಹಾಕಿದೆ. ಸ್ಟೇಷನ್ ದಾಟಿದ ಮೇಲೆ ತೆಗೆದೆ. ಕಾಕು ಮಾತಿಲ್ಲದೆ ಕೂಡುತ್ತಿದ್ದಳು. ಚಳಿಗಾಲ ಬಂದ ಮೇಲೆ ಒಂದು ಬೆಳಿಗ್ಗೆ ಅಕ್ಕ ಮತ್ತೆ ನಿಂತಿದ್ದಳು, ನಗ್ಗಿದ ಅದೇ ಕೊಡ ಹಿಡಿದು. ಕಿಟಕಿಯ ಹತ್ತಿರ ಬರಲಿಲ್ಲ. ಕೊಡ ತುಂಬುತ್ತ, ನನ್ನ ಕಡೆ ನೋಡದೆಯೇ, ‘ನಾಳಿ’ ಎಂದಳು. ಅವಳ ಹಳೆಯ ನಾಳೆಯಲ್ಲ ಅದು. ದನಿಯಲ್ಲೇ ಗೊತ್ತಾಯಿತು.

ಮರುದಿನ ಮಂಜು ಕವಿದಿತ್ತು, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಗಾಡಿ ದಿನಾ ನಿಲ್ಲುವ ಜಾಗ ಬಿಟ್ಟು ಸ್ವಲ್ಪ ಮುಂದೆ ಹೋಗಿ ನಿಂತಿತು. ನಳ ನಮ್ಮ ಡಬ್ಬಿಗಿಂತ ಹಿಂದೆ ಉಳಿಯಿತು. ನಾನು ಬಾಗಿಲಲ್ಲಿ ನಿಂತು ‘ಅಕ್ಕಾ, ಇಲ್ಲಿ’ ಎಂದು ಕೂಗಿದೆ. ನಳದ ಕೆಳಗೆ ಕೊಡ ತುಂಬಿ ಹರಿಯುತ್ತಿತ್ತು, ಅದರ ಹತ್ತಿರ ಯಾರೂ ಇರಲಿಲ್ಲ. ಹತ್ತುವವರು ಇಳಿಯುವವರ ಗದ್ದಲದಲ್ಲಿ ಅವಳು ಕಾಣಲಿಲ್ಲ. ಕಂಡದ್ದು ಅವನು. ಗೇಟಿನ ಹತ್ತಿರ ಟ್ರ್ಯಾಕ್ಸ್ ಬಿಟ್ಟು ಓಡಿ ಬರುತ್ತಿದ್ದ. ನನ್ನ ಕೂಗು ಕೇಳಿ ನೇರ ನನ್ನ ಡಬ್ಬಿಯನ್ನೇ ನೋಡಿದ. ಗಾಡಿ ಹೊರಟಿತು. ಅವನು ಡಬ್ಬಿಯ ಹಿಂದಿನ ಬಾಗಿಲಿಗೆ ಜಿಗಿದದ್ದು ಕಂಡಿತು. ಅಕ್ಕ ಮಾತ್ರ ಎಲ್ಲೂ ಇಲ್ಲ.

ಇವತ್ತೂ ಆಗಲಿಲ್ಲ, ಮುಗಿಯಿತು, ಇನ್ನು ಅವಳನ್ನು ಕೊಂದೇ ಬಿಡುತ್ತಾನೆ ಎಂದುಕೊಂಡೆ. ಬಾಗಿಲ ಹತ್ತಿರವೇ ಕುಸಿದೆ. ಅತ್ತ ಸೀಟಿನ ಹತ್ತಿರ ಕಾಕು ಸ್ಟೇಷನ್ ದಾಟಿತೆಂದು ನೋಡಿಕೊಂಡು, ಟಾವೆಲ್ ತೆಗೆಯಲು ನಾನು ಬರಲಿಲ್ಲವಾದ್ದರಿಂದ, ಅದರ ಮೇಲೆಯೇ ಕೂತಿದ್ದಳು. ಚಳಿಗೆ ಶಾಲಿನಿಂದ ತಲೆ ಮುಚ್ಚಿ ಕಿಟಕಿಯ ಕಡೆ ಮುಖ ಮಾಡಿದ್ದಳು. ಕೆಂಪು ಅಂಚು ಅವಳ ಪಕ್ಕದಲ್ಲಿ ಇಳಿಬಿದ್ದಿತ್ತು.

ತನ್ನ ಮನೆಯಿಂದ ಹೋದ ಆಯೇರಿ ಅವನಿಗೆ ಗುರುತು ಸಿಗದೇ ಇರುತ್ತದೆಯೇ? ‘ಓಡಿಹೋಗ್ತೀಯೇನ, ಬೋಸುಡಿ’ ಎಂದು ಹಿಂದಿನಿಂದ ಶಾಲಿನ ಸಮೇತ ಕೂದಲು ಹಿಡಿದು ಎಳೆದು ಮುಖವನ್ನು ಕಿಟಕಿಯ ಸರಳಿಗೆ ಬಡಿದ. ಒಮ್ಮೆ, ಮತ್ತೊಮ್ಮೆ. ಕಿವಿಯ ಬುಗುಡಿ ಹರಿದು ಬಂತು. ಕಾಕು ಚೀರಿದಳು. ಆ ದನಿ ಕೇಳಿ ಅವನ ಕೈ ನಿಂತಿತು. ಮುಖ ತಿರುಗಿಸಿ ನೋಡಿದ. ತಪ್ಪಾಯಿತು ಎನ್ನಲು ಬಾಯಿ ತೆರೆದನೋ ಏನೋ, ಅಷ್ಟರಲ್ಲಿ ಇಸ್ಪೀಟು ಎಲೆಗಳು ಹಾರಿದವು.

‘ಮಂದಿ ಮನಿ ಹೆಂಗಸಿನ ಮ್ಯಾಲ ಕೈ ಹಾಕ್ತೀಯೇನಲೇ!’ ಎಂದು ಮೊದಲು ಎದ್ದವನು ಮೀಸೆಯವನೇ. ಮುಖಕ್ಕೆ ಗುದ್ದಿದ. ಆಮೇಲೆ ಡಬ್ಬಿಗೆ ಡಬ್ಬಿಯೇ ಎದ್ದಿತು. ಊಟದ ಡಬ್ಬಿಗಳಿಂದ, ಚಪ್ಪಲಿಗಳಿಂದ, ಬುಟ್ಟಿಯಿಂದ ಹೊಡೆದರು. ಕೆಳಗೆ ಬಿದ್ದವನನ್ನು ತುಳಿದರು. ಹೆಂಗಸರು ‘ಹಾಕ್ರಿ, ಇನ್ನೂ ಹಾಕ್ರಿ’ ಎಂದು ಕೂಗಿದರು. ನಾನೂ ಎದ್ದು ಜನರ ನಡುವೆ ತೂರಿ ಹೋಗಿ ಒದ್ದೆ. ಪಕ್ಕೆಗೆ ಒದ್ದೆ, ಅಪ್ಪನ ಹೆಸರಿಗೆ ಒದ್ದೆ, ಅಕ್ಕನ ಬಿಳಿ ಪಟ್ಟಿಯ ಕೈಯ ಹೆಸರಿಗೆ ಒದ್ದೆ. ಸುಖವೆನಿಸಿತು, ಸುಳ್ಳು ಯಾಕೆ ಹೇಳಲಿ. ಅವನು ಅಕ್ಕನ ಹಾಗೆಯೇ ಎರಡೂ ಕೈ ತಲೆಯ ಮೇಲಿಟ್ಟು ಮುದುಡಿದ್ದು ಕಂಡಾಗ ಮಾತ್ರ ಹಿಂದೆ ಸರಿದೆ.

ಮುಂದಿನ ಸ್ಟೇಷನ್ನಿನಲ್ಲಿ ಅವನನ್ನು ಕಾಲು ಹಿಡಿದು ಎಳೆದು ಪ್ಲಾಟ್‌ಫಾರ್ಮಿಗೆ ಕೆಡವಿದರು. ನರಳುತ್ತಿದ್ದ. ಒಬ್ಬ ಪೊಲೀಸ್ ಓಡಿ ಬಂದ. ಆ ಗದ್ದಲದಲ್ಲಿ ಪಕ್ಕದ ಡಬ್ಬಿಯಿಂದ ಒಬ್ಬಳು ಇಳಿದಳು. ಬರಿಗಾಲು, ಒದ್ದೆಯಾದ ನಿರಿಗೆ, ಕೈಯಲ್ಲಿ ಏನೂ ಇಲ್ಲ.

‘ಅಕ್ಕಾ!’

‘ನಿನ್ನ ಡಬ್ಬಿ ಮುಂದ ಹೋತ, ಸಿಕ್ಕದ್ದ ಹತ್ತಿದ್ನಿ’ ಎಂದಳು. ಆಮೇಲೆ ನೆಲದ ಮೇಲೆ ಬಿದ್ದವನನ್ನು ನೋಡಿದಳು. ಹತ್ತಿರ ಹೋಗಲಿಲ್ಲ, ಅಳಲಿಲ್ಲ. ನಾನು ಅವಳ ಕೈ ಹಿಡಿದು ನಮ್ಮ ಡಬ್ಬಿಗೆ ಹತ್ತಿಸಿಕೊಂಡೆ. ಗಾಡಿ ಹೊರಟಿತು.

ಕಾಕು ರಕ್ತ ಸುರಿಯುವ ಕಿವಿಯನ್ನು ಶಾಲಿನಿಂದ ಒತ್ತಿ ಹಿಡಿದು ಎದ್ದು ನಿಂತಳು. ‘ಬಾ ತಂಗಿ, ಕೂಡ. ನಿನ್ನ ಸೀಟ’ ಎಂದಳು. ಅಕ್ಕ ಅವಳ ಹೆಗಲು ಹಿಡಿದು ಮತ್ತೆ ಅಲ್ಲಿಯೇ ಕೂಡಿಸಿದಳು. ಮೀಸೆಯವನು ಹರಿದ ಶರಟಿನಲ್ಲೇ ತನ್ನ ಸೀಟು ಬಿಟ್ಟೆದ್ದ. ‘ಇಲ್ಲಿ ಬರ್ರಿ ಅಕ್ಕಾರ, ಹೆದರಬ್ಯಾಡ್ರಿ. ನಾವ ಅದೇವಿ’ ಎಂದ. ಎಲ್ಲರೂ ನಾವ ಅದೇವಿ, ನಾವ ಅದೇವಿ ಎಂದರು.

ಅಕ್ಕ ಅವನ ಮುಖವನ್ನೇ ನೋಡಿದಳು. ‘ಗಾಡಿ ಚಾಲೂ ಆದ ದಿನ ನೀವ ಈ ಬಾಗಲದಾಗ ನಿಂತಿದ್ರಲ್ರಿ ಅಣ್ಣಾ?’ ಎಂದು ಕೇಳಿದಳು. ಜಗಳದ ದನಿಯಲ್ಲ, ದಾರಿ ಕೇಳುವವರ ದನಿ.

ಅವನು ಮೀಸೆ ಒರೆಸಿಕೊಂಡ. ‘ಅವತ್ತ ಗಂಡ ಹೆಂಡ್ತಿ ಜಗಳ ಇತ್ತರಿ. ಇವತ್ತ ಮಂದಿ ಮನಿ ಹೆಂಗಸಿಗೆ ಹೊಡದ್ನಲ್ರಿ, ಸುಮ್ನ ಹ್ಯಾಂಗ ಇರೂದ?’

‘ಖರೆ’ ಎಂದಳು ಅಕ್ಕ. ಆಮೇಲೆ, ‘ಹಂಗಾರ ಅವತ್ತ ನಾ ಯಾರ ಹೆಂಗಸ್ರಿ?’ ಎಂದಳು.

ಮೀಸೆಯವನು ಬಗ್ಗಿ ಕೆಳಗೆ ಬಿದ್ದ ಇಸ್ಪೀಟು ಎಲೆಗಳನ್ನು ಆಯತೊಡಗಿದ. ಅವನು ಬಿಟ್ಟ ಸೀಟಿನಲ್ಲಿ ಅಕ್ಕ ಕೂಡಲಿಲ್ಲ. ಬೆಳಗಾವಿ ಬರುವ ತನಕ ಕಾಕುವಿನ ಪಕ್ಕ ಸರಳು ಹಿಡಿದು ನಿಂತು, ಆ ಕೆಂಪಂಚಿನ ಟಾವೆಲ್ಲಿನಿಂದ ಅವಳ ಕಿವಿಯ ರಕ್ತ ಒರೆಸುತ್ತಿದ್ದಳು.